ಸಿಸಿ ಅಂದ್ರೆ ಯಾವ ಸಿಸಿ? ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಕೋರ್ಟಿನ ಎದುರು ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಬೆಳಿಗ್ಗೆ ಷಟರ್ ಎತ್ತಿದಾಗಿನಿಂದ ಸಂಜೆಯವರೆಗೆ ಈ ಎರಡಕ್ಷರ ಕಿವಿಗೆ ಬೀಳುತ್ತಲೇ ಇರುತ್ತದೆ. ಒಬ್ಬರು ‘ಸಿಸಿ ತೆಗೆಸಬೇಕು’ ಅನ್ನುತ್ತಾರೆ. ಇನ್ನೊಬ್ಬರಿಗೆ ಬ್ಯಾಂಕಿನ ಸಿಸಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಟೈಪ್ ಆಗಬೇಕು. ಮತ್ತೊಬ್ಬರು ಮೇಲ್ ಕಳಿಸುವಾಗ ‘ಸಾಹೇಬ್ರನ್ನೂ ಸಿಸಿಲಿ ಹಾಕಿ’ ಅನ್ನುತ್ತಾರೆ. ಪಕ್ಕದ ಗ್ಯಾರೇಜಿನ ಹುಡುಗನಿಗಂತೂ ಸಿಸಿ ಅಂದರೆ ಬೈಕಿನದು ಮಾತ್ರ. ಕೇಳಿದ್ದನ್ನೇ ಕೇಳುತ್ತಾರೆ, ಹೇಳಿದ್ದನ್ನೇ ಹೇಳುತ್ತೇನೆ. ಒಂದು ಕಡೆ ಬರೆದಿಟ್ಟರೆ ಇಬ್ಬರಿಗೂ ಅನುಕೂಲ ಅಲ್ವಾ?

ಒಂದೇ ಸಿಸಿಗೆ ಇಷ್ಟೊಂದು ಅರ್ಥ ಯಾಕೆ?

ಇಂಗ್ಲಿಷಿನಲ್ಲಿ ಆ ಅಕ್ಷರ ಎರಡು ಕೆಲಸ ಮಾಡುತ್ತದೆ. ಸರ್ಟಿಫಿಕೇಟ್, ಸಿಮೆಂಟ್, ಸರ್ಕ್ಯೂಟ್ ಅನ್ನುವಾಗ ಅದು ನಮ್ಮ ‘ಸ’. ಕಾಪಿ, ಕೇಸ್, ಕ್ರೆಡಿಟ್, ಕ್ಯಾಶ್ ಅನ್ನುವಾಗ ನಮ್ಮ ‘ಕ’. ಕನ್ನಡದಲ್ಲೇ ಚಿಕ್ಕದು ಮಾಡಿದ್ದರೆ ‘ಸಿ.ಕಾಂ.’, ‘ಕ್ಯಾ.ಕ್ರೆ.’ ಅಂತ ಬೇರೆ ಬೇರೆ ಆಗುತ್ತಿದ್ದವು, ಗೊಂದಲವೇ ಇರುತ್ತಿರಲಿಲ್ಲ. ನಾವು ಪದವನ್ನು ಕನ್ನಡದ ಬಾಯಲ್ಲಿ ಆಡುತ್ತೇವೆ, ಅಕ್ಷರವನ್ನು ಇಂಗ್ಲಿಷಿನಿಂದ ತರುತ್ತೇವೆ. ‘ಕಾಪಿ’ಗೆ ‘ಸಿ’ ಯಾಕೆ ಅಂತ ಒಬ್ಬ ಅಜ್ಜ ನನ್ನನ್ನು ಕೇಳಿದ್ದರು. ನ್ಯಾಯವಾದ ಪ್ರಶ್ನೆ.

ಕೋರ್ಟಿನಲ್ಲಿ ‘ಸಿಸಿ ನಂಬರ್ ಎಷ್ಟು’ ಅಂತ ಕೇಳುತ್ತಾರೆ. ಎಫ್‌ಐಆರ್ ನಂಬರ್ ಕೊಟ್ಟರೆ ಸಾಕಾ?

ಸಾಲದು. ನನ್ನ ಅಂಗಡಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಆಗುವ ಎಡವಟ್ಟು ಇದೇ.

ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆದಾಗ ಸಿಗುವುದು ಕ್ರೈಂ ನಂಬರ್. ಅದು ಠಾಣೆಯ ಲೆಕ್ಕ. ತನಿಖೆ ಮುಗಿದು, ಪೊಲೀಸರು ಚಾರ್ಜ್‌ಶೀಟ್ ಹಾಕಿ, ಮ್ಯಾಜಿಸ್ಟ್ರೇಟ್ ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಂಡಾಗ ಹೊಸ ನಂಬರ್ ಬೀಳುತ್ತದೆ. ಅದೇ ಸಿಸಿ ನಂಬರ್, ಅಂದರೆ ಕ್ರಿಮಿನಲ್ ಕೇಸ್ ನಂಬರ್. ‘ಸಿ.ಸಿ. ಇಷ್ಟು / ಇಂಥ ಇಸವಿ’ ಅಂತ ಬರೆಯುತ್ತಾರೆ. ಕ್ರೈಂ ನಂಬರ್ 2022ರದ್ದಿದ್ದು ಸಿಸಿ ನಂಬರ್ 2024ರದ್ದಾಗಿರಬಹುದು. ಕ್ರೈಂ ನಂಬರನ್ನು ಸಿಸಿ ನಂಬರಿನ ಜಾಗದಲ್ಲಿ ಹಾಕಿ ಇ-ಕೋರ್ಟ್ಸ್‌ನಲ್ಲಿ ಹುಡುಕಿ, ‘ನಮ್ಮ ಕೇಸೇ ಇಲ್ಲ’ ಅಂತ ಖುಷಿಪಟ್ಟವರನ್ನೂ ನೋಡಿದ್ದೇನೆ!

ಚೆಕ್ ಬೌನ್ಸ್ ದಾರಿ ಬೇರೆ. ಅಲ್ಲಿ ಪೊಲೀಸರಿಲ್ಲ. ದೂರುದಾರರೇ ಕೋರ್ಟಿಗೆ ಖಾಸಗಿ ದೂರು ಕೊಡುತ್ತಾರೆ, ಅದಕ್ಕೆ ಮೊದಲು ಪಿಸಿಆರ್ ನಂಬರ್ ಬೀಳುತ್ತದೆ. ಕೋರ್ಟು ಮುಂದುವರಿಸಲು ಒಪ್ಪಿದ ಮೇಲೆ ಅದೂ ಸಿಸಿ ಆಗುತ್ತದೆ. ಸೆಷನ್ಸ್ ಕೋರ್ಟಿನ ಕೇಸು ‘ಎಸ್‌ಸಿ’, ಜಮೀನಿನ ದಾವೆ ‘ಓಎಸ್’. ಆಂಧ್ರ, ತಮಿಳುನಾಡು ಕಡೆಯ ಕಾಗದದಲ್ಲಿ ಸಿಸಿ ಕಂಡರೆ ಅಲ್ಲಿ ‘ಕ್ಯಾಲೆಂಡರ್ ಕೇಸ್’ ಅನ್ನುತ್ತಾರೆ. ತಿರುಳು ಅದೇ.

ಗ್ರಾಹಕರ ಆಯೋಗದ ನೋಟಿಸಿನಲ್ಲೂ ಸಿಸಿ ಇರುತ್ತದೆ. ಅದು ಕನ್ಸ್ಯೂಮರ್ ಕಂಪ್ಲೇಂಟ್. ಅದನ್ನು ನೋಡಿ ‘ಕ್ರಿಮಿನಲ್ ಕೇಸ್ ಹಾಕ್ಬಿಟ್ರು’ ಅಂತ ಬೆವರಬೇಡಿ.

ವಕೀಲರು ‘ಸಿಸಿ ಕಾಪಿ ತೆಗೆಸಿ’ ಅಂದರು. ಅದು ಈ ನಂಬರಿಗೇ ಸಂಬಂಧಿಸಿದ್ದಾ?

ಅಲ್ಲ. ಇದು ಸರ್ಟಿಫೈಡ್ ಕಾಪಿ, ಕನ್ನಡದಲ್ಲಿ ದೃಢೀಕೃತ ನಕಲು. ‘ಸಿಸಿ ಕಾಪಿ’ ಅಂದರೆ ‘ಸರ್ಟಿಫೈಡ್ ಕಾಪಿ ಕಾಪಿ’ ಅಂದಹಾಗೆ. ‘ಗೇಟು ಬಾಗಿಲು’ ಅನ್ನುತ್ತೇವಲ್ಲ, ಆ ಥರ. ಕೋರ್ಟಿನ ಆವರಣದಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ನೀವೂ ಅನ್ನಿ.

ಆದೇಶದ ಅಥವಾ ತೀರ್ಪಿನ ನಕಲು ಬೇಕು ಅಂತ ಅರ್ಜಿ ಕೊಡಬೇಕು, ಶುಲ್ಕ ಕಟ್ಟಬೇಕು. ಕೋರ್ಟಿನವರೇ ಮೂಲದ ಜೊತೆ ತಾಳೆ ನೋಡಿ ಸೀಲು, ಸಹಿ ಹಾಕಿ ಕೊಡುತ್ತಾರೆ. ನನ್ನ ಅಂಗಡಿಯ ಜೆರಾಕ್ಸ್ ಎಷ್ಟೇ ಚೆನ್ನಾಗಿ ಬಂದರೂ ಅದಕ್ಕೆ ಸಮ ಅಲ್ಲ. ಗೆಜೆಟೆಡ್ ಅಧಿಕಾರಿಯಿಂದ ಅಟೆಸ್ಟ್ ಮಾಡಿಸಿದ ಜೆರಾಕ್ಸೂ ಸಮ ಅಲ್ಲ.

ಅದರ ಮೇಲೆ ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ ಎಲ್ಲ ನಮೂದಾಗಿರುತ್ತದೆ. ಸುಮ್ನೆ ಹಾಕಿದ್ದಲ್ಲ ಅದು. ಮೇಲ್ಮನವಿಗೆ ಗಡುವು ಇರುತ್ತದೆ. 1963ರ ಕಾಲಮಿತಿ ಕಾಯ್ದೆಯ 12ನೇ ಕಲಂ ಪ್ರಕಾರ, ನಕಲು ಪಡೆಯಲು ಬೇಕಾದ ಸಮಯವನ್ನು ಆ ಗಡುವಿನ ಲೆಕ್ಕದಿಂದ ಬಿಡುತ್ತಾರೆ. ಹಾಗಾಗಿ ತೀರ್ಪು ಬಂದ ಕೂಡಲೇ ಅರ್ಜಿ ಹಾಕಿಬಿಡಿ.

ಕಾಲೇಜಿನಲ್ಲಿ ಟಿಸಿ ಜೊತೆ ಸಿಸಿ ತನ್ನಿ ಅನ್ನುತ್ತಾರಲ್ಲ?

ಅದು ಕಾಂಡಕ್ಟ್ ಸರ್ಟಿಫಿಕೇಟ್, ನಡತೆ ಪ್ರಮಾಣಪತ್ರ. ಹಿಂದೆ ಓದಿದ ಶಾಲೆ ಅಥವಾ ಕಾಲೇಜಿನವರು ಕೊಡುತ್ತಾರೆ.

ಒಂದು ಸಲ ಮಗಳ ಅಡ್ಮಿಷನ್ನಿಗೆ ಓಡಾಡುತ್ತಿದ್ದ ತಂದೆಯೊಬ್ಬರು ಬಂದು ‘ಸಿಸಿ ಬೇಕಂತೆ, ಎಲ್ಲಿ ಕೊಡ್ತಾರೆ ಅಣ್ಣಾ’ ಅಂದರು. ನಾನು ತಲೆ ಎತ್ತದೆ ‘ಎದುರಿಗೇ, ನಕಲು ಶಾಖೆ’ ಅಂದೆ. ಪಾಪ, ಮಧ್ಯಾಹ್ನದವರೆಗೆ ಅಲ್ಲಿ ಸಾಲಿನಲ್ಲಿ ನಿಂತು, ‘ಕೇಸ್ ನಂಬರ್ ಹೇಳಿ’ ಅಂದಾಗ ಗಾಬರಿಯಾಗಿ ವಾಪಸ್ ಬಂದರು. ‘ನನ್ನ ಮಗಳ ಮೇಲೆ ಯಾವ ಕೇಸೂ ಇಲ್ಲ ಸಾರ್’ ಅಂದಾಗ ಅವರ ಮುಖ ನೋಡಲಾಗಲಿಲ್ಲ. ತಪ್ಪು ನನ್ನದೇ. ಅವತ್ತಿನಿಂದ ‘ಯಾರು ಕೇಳಿದ್ದು, ಯಾವುದಕ್ಕೆ’ ಅಂತ ಕೇಳದೆ ಯಾರಿಗೂ ದಾರಿ ತೋರಿಸುವುದಿಲ್ಲ.

ಮನೆ ಕಟ್ಟುವವರ ಬಾಯಲ್ಲಿ ಸಿಸಿ, ಓಸಿ ಅಂತ ಬರುತ್ತದೆ. ಎರಡಕ್ಕೂ ಏನು ವ್ಯತ್ಯಾಸ?

ಓಸಿ ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್. ನಮ್ಮ ಪತ್ರಿಕೆಗಳು ಸ್ವಾಧೀನಾನುಭವ ಪ್ರಮಾಣಪತ್ರ ಅಂತ ಬರೆಯುತ್ತವೆ. ಕಟ್ಟಡ ನಕ್ಷೆಯಂತೆ ಆಗಿದೆ, ವಾಸಕ್ಕೆ ಯೋಗ್ಯ ಅಂತ ಸ್ಥಳೀಯ ಸಂಸ್ಥೆ ಕೊಡುವ ಕಾಗದ ಅದು.

ತಲೆ ಕೆಡಿಸುವುದು ಸಿಸಿ. ಅದು ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಆಗಿರಬಹುದು, ಕಂಪ್ಲೀಷನ್ ಸರ್ಟಿಫಿಕೇಟ್ ಆಗಿರಬಹುದು. ಮೊದಲನೆಯದು ಕೆಲಸ ಶುರು ಮಾಡಬಹುದು ಅನ್ನುವುದು, ಎರಡನೆಯದು ಕೆಲಸ ಮುಗಿದಿದೆ ಅನ್ನುವುದು. ಪಾಯದ ಹಂತಕ್ಕೂ ಗೃಹಪ್ರವೇಶದ ಹಂತಕ್ಕೂ ಒಂದೇ ಹೆಸರು! ಫ್ಲ್ಯಾಟ್ ಮಾರುವವರು ‘ಸಿಸಿ ಎಲ್ಲಾ ಆಗಿದೆ ಸಾರ್’ ಅಂದರೆ, ಆಗಿರುವುದು ಯಾವುದು ಅಂತ ಬಾಯಿಬಿಟ್ಟು ಕೇಳಿ. ಶುರು ಮಾಡುವ ಕಾಗದ ತೋರಿಸಿ ಮುಗಿದ ಕಾಗದದ ಭರವಸೆ ಕೊಡುವವರೂ ಇದ್ದಾರೆ. ಪ್ರತಿ ಕೇಳಿ, ತಲೆಬರಹ ಓದಿ, ಮುಂಗಡ ಆಮೇಲೆ.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಕಟ್ಟಡ ಮುಗಿದ ಅಥವಾ ವಾಸಕ್ಕೆ ಒಪ್ಪಿಗೆ ಸಿಕ್ಕ ಪ್ರಮಾಣಪತ್ರ ನೋಡಿದ ಮೇಲೆಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ. ಮರುವರ್ಷ ನಮ್ಮ ರಾಜ್ಯದಲ್ಲಿ ಮನೆ ಕಟ್ಟಿ ಮೀಟರ್ ಸಿಗದೆ ಕೂತವರು ಬಹಳ ಮಂದಿ. ಆಮೇಲೆ ಸರ್ಕಾರ 1200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ತಂದಿತು. ಮಹಡಿಗಳ ಷರತ್ತು ಇದೆ, ಅರ್ಜಿಗೆ ಮುಂಚೆ ನಿಮ್ಮ ಪಾಲಿಕೆ ಅಥವಾ ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳಿ.

ಬ್ಯಾಂಕಿನ ಸಿಸಿ ಅಂದರೆ ಕ್ರೆಡಿಟ್ ಕಾರ್ಡಾ?

ಆಫೀಸಿಗೆ ಹೋಗುವ ಹುಡುಗರು ‘ಸಿಸಿ ಬಿಲ್ ಕಟ್ಬೇಕು’ ಅಂದರೆ ಹೌದು, ಕ್ರೆಡಿಟ್ ಕಾರ್ಡು. ಪೇಟೆಯ ವ್ಯಾಪಾರಿ ‘ನಂದು ಹತ್ತು ಲಕ್ಷ ಸಿಸಿ ಇದೆ’ ಅಂದರೆ ಅದು ಕ್ಯಾಶ್ ಕ್ರೆಡಿಟ್.

ಕ್ಯಾಶ್ ಕ್ರೆಡಿಟ್ ಸಾಲ ಮಾಮೂಲಿ ಸಾಲದ ಥರ ಅಲ್ಲ. ಬ್ಯಾಂಕು ಒಂದು ಮಿತಿ ಗೊತ್ತು ಮಾಡುತ್ತದೆ. ಬೇಕಾದಾಗ ತೆಗೆಯಬಹುದು, ದುಡ್ಡು ಬಂದಾಗ ಕಟ್ಟಬಹುದು, ಮತ್ತೆ ತೆಗೆಯಬಹುದು. ತೆಗೆದಷ್ಟಕ್ಕೆ, ಇಟ್ಟುಕೊಂಡಷ್ಟು ದಿನಕ್ಕೆ ಮಾತ್ರ ಬಡ್ಡಿ. ಅಂಗಡಿಯ ದಾಸ್ತಾನು, ಬರಬೇಕಾದ ಬಾಕಿ ಇವೇ ಆಧಾರ.

ಮಿತಿ ಹತ್ತು ಲಕ್ಷ ಅಂದ ಮಾತ್ರಕ್ಕೆ ಹತ್ತೂ ಲಕ್ಷ ಕೈಗೆ ಸಿಗಬೇಕಂತಿಲ್ಲ. ಅಂಗಡಿಯಲ್ಲಿ 12 ಲಕ್ಷದ ಮಾಲು ಇದೆ ಅಂದುಕೊಳ್ಳಿ. ಅದರಲ್ಲಿ 2 ಲಕ್ಷದ ಮಾಲು ಉದ್ದರಿ ತಂದದ್ದು, ಇನ್ನೂ ದುಡ್ಡು ಕೊಟ್ಟಿಲ್ಲ. ಉಳಿದದ್ದು 10 ಲಕ್ಷ. ಬ್ಯಾಂಕು ಕಾಲು ಭಾಗ ಮಾರ್ಜಿನ್ ಹಿಡಿದರೆ ನಿಮಗೆ ತೆಗೆಯಲು ಸಿಗುವುದು ಏಳೂವರೆ ಲಕ್ಷ. ಇದನ್ನೇ ಡ್ರಾಯಿಂಗ್ ಪವರ್ ಅನ್ನುವುದು. ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಟೈಪ್ ಮಾಡಿಸಲು ಜನ ನನ್ನ ಹತ್ತಿರ ಬರುವುದು ಈ ಲೆಕ್ಕಕ್ಕೇ. ಇನ್ನೊಂದು ಮಾತು: ಖಾತೆ ಮಿತಿ ಮೀರಿ 90 ದಿನ ಹಾಗೇ ನಿಂತರೆ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ‘ಬಡ್ಡಿ ಹಾಕ್ಕೊಳ್ಲಿ ಬಿಡಿ’ ಅಂತ ಕೂರಬೇಡಿ.

ರೈತರ ಕೆಸಿಸಿಯಲ್ಲಿ ಇರುವ ಸಿಸಿ ಮಾತ್ರ ಕ್ರೆಡಿಟ್ ಕಾರ್ಡೇ. ಕಿಸಾನ್ ಕ್ರೆಡಿಟ್ ಕಾರ್ಡು ಬಂದದ್ದು 1998ರಲ್ಲಿ. ಸಿನಿಮಾದವರು ಆಡುವ ಕನ್ನಡ ಚಲನಚಿತ್ರ ಕಪ್ಪಿಗೂ ಕೆಸಿಸಿ ಅಂತಲೇ ಹೆಸರು. ‘ಕೆಸಿಸಿ ಯಾವಾಗ ಶುರು’ ಅಂತ ಯಾರಾದರೂ ಕೇಳಿದರೆ ಮೊದಲು ಅವರ ವಯಸ್ಸು ನೋಡಿ.

ಬೈಕಿಗೆ 100 ಸಿಸಿ, 350 ಸಿಸಿ ಅಂತಾರಲ್ಲ, ಅದು ಯಾವುದರ ಅಳತೆ? ಸಿಸಿ ಜಾಸ್ತಿ ಇದ್ದರೆ ಮೈಲೇಜ್ ಜಾಸ್ತಿನಾ?

ಈ ಸಿಸಿ ಕ್ಯೂಬಿಕ್ ಸೆಂಟಿಮೀಟರ್, ಘನ ಸೆಂಟಿಮೀಟರ್. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಡಬ್ಬಿಯಲ್ಲಿ ಹಿಡಿಸುವಷ್ಟು ಜಾಗ. ಎಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದಲ್ಲ, ಒಂದು ಸಲ ಓಡಾಡುವಾಗ ಅದು ಎಷ್ಟು ಜಾಗ ಗುಡಿಸುತ್ತದೆ ಅನ್ನುವ ಲೆಕ್ಕ. ಪೆಟ್ರೋಲ್ ಟ್ಯಾಂಕಿಗೂ ಇದಕ್ಕೂ ಸಂಬಂಧ ಇಲ್ಲ.

ನಮ್ಮೂರಲ್ಲಿ ಮನೆಗೊಂದರಂತೆ ಇರುವ ಸ್ಪ್ಲೆಂಡರನ್ನೇ ತೆಗೆದುಕೊಳ್ಳಿ. ಅದರ ಸಿಲಿಂಡರಿನ ವ್ಯಾಸ 50 ಮಿಲಿಮೀಟರ್, ಪಿಸ್ಟನ್ನಿನ ಓಟ 49.5 ಮಿಲಿಮೀಟರ್. ಸೆಂಟಿಮೀಟರಿಗೆ ತಿರುಗಿಸಿ: ತ್ರಿಜ್ಯ 2.5, ಓಟ 4.95. ಎರಡೂವರೆ ಗುಣಿಸು ಎರಡೂವರೆ, ಗುಣಿಸು 3.14, ಗುಣಿಸು 4.95. ಬರುವುದು ಸುಮಾರು 97. ಆರ್‌ಸಿಯಲ್ಲಿ 97.2 ಅಂತ ಇರುವುದು ಅದೇ. ಹೈಸ್ಕೂಲಿನಲ್ಲಿ ‘ಸಿಲಿಂಡರಿನ ಘನಫಲ ಯಾತಕ್ಕೆ ಬೇಕು ಸಾರ್’ ಅಂತ ಕೇಳಿದ್ದಕ್ಕೆ ಯಾರಾದರೂ ಇದನ್ನು ಹೇಳಿದ್ದಿದ್ದರೆ ನಾನೂ ಗಮನ ಕೊಟ್ಟು ಕಲಿಯುತ್ತಿದ್ದೆನೇನೋ. ಕಾರಿಗಾದರೆ ಎಲ್ಲಾ ಸಿಲಿಂಡರುಗಳದ್ದನ್ನೂ ಕೂಡಿಸಬೇಕು. ಮಾರುತಿ 800ರಲ್ಲಿ ಮೂರು ಸಿಲಿಂಡರು, ಕೂಡಿಸಿದರೆ 796. ಹೆಸರಿನ 800 ಅಲ್ಲಿಂದ ಬಂದದ್ದು.

ಮೈಲೇಜಿನ ವಿಷಯ ಸಾಮಾನ್ಯವಾಗಿ ಉಲ್ಟಾ. ಜಾಗ ದೊಡ್ಡದಾದಷ್ಟೂ ಒಂದು ಸಲಕ್ಕೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್ ಒಳಗೆ ಹೋಗುತ್ತದೆ. ಶಕ್ತಿ ಬರುತ್ತದೆ, ಪೆಟ್ರೋಲೂ ಕುಡಿಯುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ 250 ಸಿಸಿಯ ಜಾವಾ, ಯೆಜ್ಡಿ ಇಟ್ಟುಕೊಂಡವರನ್ನು ಮೈಲೇಜ್ ಎಷ್ಟು ಅಂತ ಕೇಳಿ ನೋಡಿ. ಮಾತು ಬದಲಿಸಿ ಸೈಲೆನ್ಸರಿನ ಸದ್ದಿನ ಬಗ್ಗೆ ಹೇಳುತ್ತಾರೆ.

ಸರ್ಕಾರಕ್ಕೂ ಈ ಸಂಖ್ಯೆ ಬೇಕು. 16 ವರ್ಷದವರಿಗೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಥರ್ಡ್ ಪಾರ್ಟಿ ವಿಮೆಯ ಗೆರೆಗಳು 75, 150, 350 ಸಿಸಿಯಲ್ಲಿ. ಜಿಎಸ್‌ಟಿಯ ಗೆರೆಯೂ 350ರಲ್ಲಿ. 2025ರ ಸೆಪ್ಟೆಂಬರ್ 22ರಿಂದ ಅಲ್ಲಿಯವರೆಗಿನ ಬೈಕಿಗೆ ಶೇ 18, ದಾಟಿದರೆ ಶೇ 40. ಬುಲೆಟ್ಟಿನ ಎಂಜಿನ್ 349 ಸಿಸಿ. ಒಂದೇ ಒಂದು ಸಿಸಿಯ ಅಂತರದಲ್ಲಿ ಬಚಾವ್! ಎಲೆಕ್ಟ್ರಿಕ್ ಸ್ಕೂಟರಿಗೆ ಸಿಲಿಂಡರೇ ಇಲ್ಲ, ಹಾಗಾಗಿ ಸಿಸಿಯೂ ಇಲ್ಲ. ಅದಕ್ಕೆ ಕಿಲೋವಾಟ್ ಲೆಕ್ಕ.

ಇಂಜೆಕ್ಷನ್ನಿನ 2 ಸಿಸಿಯೂ ಇದೇನಾ?

ಅದೇ. ಒಂದು ಸಿಸಿ ಅಂದರೆ ಒಂದು ಎಂಎಲ್, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಬೈಕಿನ ಎಂಜಿನ್ನಿಗೂ ನರ್ಸಮ್ಮನ ಸಿರಿಂಜಿಗೂ ಒಂದೇ ಅಳತೆಗೋಲು.

ಆದರೆ ಔಷಧಿ ಚೀಟಿಯಲ್ಲಿ ಸಿಸಿ ಬರೆಯಬಾರದು, ಎಂಎಲ್ ಅಂತಲೇ ಬರೆಯಬೇಕು ಅಂತ ಔಷಧ ಸುರಕ್ಷತೆಯ ತಜ್ಞರು ಹೇಳುತ್ತಾರೆ. ಅವಸರದ ಕೈಬರಹದಲ್ಲಿ ಜೋಡಿ ಸಿ ಇಂಗ್ಲಿಷಿನ ‘ಯು’ ಥರ ಕಾಣಬಹುದು, ಎರಡು ಸೊನ್ನೆ ಥರಾನೂ ಕಾಣಬಹುದು. ‘ಯು’ ಅಂದರೆ ಯೂನಿಟ್. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಸಾಮಾನ್ಯ ಇನ್ಸುಲಿನ್ನಿನ ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರುತ್ತದೆ, 100 ಯೂನಿಟ್ಟಿನದೂ ಸಿಗುತ್ತದೆ. ಸಿಸಿಯನ್ನೂ ಯೂನಿಟ್ಟನ್ನೂ ಅದಲು ಬದಲು ಮಾಡಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಇನ್ಸುಲಿನ್ ಹಾಕುವವರಿದ್ದರೆ ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡೂ ಒಂದೇ ಇದೆಯಾ ಅಂತ ಪ್ರತಿ ಸಲ ನೋಡಿ.

ಕಣ್ಣಿನ ಡಾಕ್ಟರ ಚೀಟಿಯ ಸಿಸಿ ಬೇರೆ. ಅದು ಲ್ಯಾಟಿನ್ನಿನದು, ‘ಕನ್ನಡಕ ಹಾಕಿಕೊಂಡು ನೋಡಿದಾಗ’ ಅಂತ ಅರ್ಥ.

ಮೇಲ್‌ನಲ್ಲಿ ಯಾರನ್ನು ಟು, ಯಾರನ್ನು ಸಿಸಿ, ಯಾರನ್ನು ಬಿಸಿಸಿಯಲ್ಲಿ ಹಾಕಬೇಕು?

ಕೆಲಸ ಮಾಡಬೇಕಾದವರು ಟುನಲ್ಲಿ. ಗೊತ್ತಿದ್ದರೆ ಸಾಕು ಅನ್ನುವವರು ಸಿಸಿಯಲ್ಲಿ. ಬೇರೆಯವರಿಗೆ ಕಾಣದಂತೆ ಕಳಿಸಬೇಕಾದರೆ ಬಿಸಿಸಿ.

ಈ ಸಿಸಿ ಕಾರ್ಬನ್ ಕಾಪಿ. ಅಂಗಡಿ ಶುರು ಮಾಡಿದಾಗ ನನ್ನದು ಟೈಪ್‌ರೈಟರ್. ಎರಡು ಹಾಳೆ ನಡುವೆ ನೀಲಿ ಕಾರ್ಬನ್ ಇಟ್ಟು ರೋಲರಿಗೆ ಸುತ್ತಿ ಕುಟ್ಟಿದರೆ ಒಂದೇ ಏಟಿಗೆ ಎರಡು ಪ್ರತಿ. ಮೂರನೆಯದು ಮಸುಕು, ನಾಲ್ಕನೆಯದನ್ನು ದೇವರೇ ಓದಬೇಕು. ಅದನ್ನು ಮಾತ್ರ ಯಾವಾಗಲೂ ಕಚೇರಿ ಪ್ರತಿಗೆ ಇಟ್ಟುಕೊಳ್ಳುತ್ತಿದ್ದರು! ಇಂಗ್ಲೆಂಡಿನಲ್ಲಿ ರಾಲ್ಫ್ ವೆಡ್ಜ್‌ವುಡ್ ಎಂಬವನು ಕಾರ್ಬನ್ ಕಾಗದಕ್ಕೆ ಪೇಟೆಂಟ್ ಪಡೆದದ್ದು 1806ರಲ್ಲಿ. 1982ರಲ್ಲಿ ಇಮೇಲಿನ ನಿಯಮ ಬರೆದ ಆರ್‌ಎಫ್‌ಸಿ 822 ಎಂಬ ಕಡತದಲ್ಲೂ ಸಿಸಿ, ಬಿಸಿಸಿ ಇವೆ. ಕಾಗದ ಹೋಯಿತು, ಹೆಸರು ಉಳಿಯಿತು. ನಮ್ಮ ಸರ್ಕಾರಿ ಪತ್ರದ ಕೊನೆಗೆ ‘ಪ್ರತಿ: ಇವರ ಮಾಹಿತಿಗಾಗಿ’ ಅಂತ ಬರುವುದೂ ಇದೇ ಸಿಸಿ.

ಒಂದು ಎಚ್ಚರ. ದೂರಿನ ಮೇಲ್ ಬರೆಯುವಾಗ ಹತ್ತು ಅಧಿಕಾರಿಗಳನ್ನು ಟುನಲ್ಲಿ ಹಾಕಬೇಡಿ. ಒಬ್ಬೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಂಡು ಸುಮ್ಮನಿರುತ್ತಾರೆ.

ಊರಿನ ಬೋರ್ಡಿನಲ್ಲಿ ‘ಸಿ.ಸಿ. ರಸ್ತೆ ಕಾಮಗಾರಿ’ ಅಂತ ಇದೆ. ಕ್ಯಾಮೆರಾ ಹಾಕುತ್ತಾರಾ?

ಇಲ್ಲ, ಅದು ಸಿಮೆಂಟ್ ಕಾಂಕ್ರೀಟು. ಸಿಸಿ ಚರಂಡಿಯೂ ಅದೇ.

ಕಾಂಕ್ರೀಟಿನ ರಸ್ತೆ ಒಣಗಿ ಗಟ್ಟಿಯಾಗುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಉಲ್ಟಾ, ಸಿಮೆಂಟಿಗೆ ಗಟ್ಟಿಯಾಗಲು ನೀರು ಬೇಕು. ಅದಕ್ಕೇ ಗೋಣಿಚೀಲ ಹೊದಿಸಿ, ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು. ಬಲದ ಲೆಕ್ಕವನ್ನು ಎಂಜಿನಿಯರುಗಳು 28 ದಿನಕ್ಕೆ ಹಿಡಿಯುತ್ತಾರೆ. ಹಾಕಿದ ಮರುದಿನವೇ ಟ್ರ್ಯಾಕ್ಟರ್ ಹತ್ತಿಸಿ, ಆಮೇಲೆ ‘ಕಳಪೆ ಕಾಮಗಾರಿ’ ಅಂದರೆ ಅರ್ಧ ತಪ್ಪು ನಮ್ಮದು. ನೀರೇ ಬಿಡದ ಗುತ್ತಿಗೆದಾರರದ್ದು ಇನ್ನರ್ಧ. ಅಡ್ಡಕ್ಕೆ ಗೆರೆ ಕೊಯ್ದಿರುತ್ತಾರಲ್ಲ, ಅದು ಬಿರುಕಲ್ಲ. ಬಿರುಕು ಬಿಟ್ಟರೆ ಆ ಗೆರೆಯಲ್ಲೇ ಬಿಡಲಿ ಅಂತ ಬೇಕೆಂದೇ ಕೊಯ್ಯುವುದು.

ಹಾಗಾದರೆ ಸಿಸಿ ಕ್ಯಾಮೆರಾ, ಟಿವಿ ರಿಮೋಟಿನ ಸಿಸಿ ಬಟನ್?

ಕ್ಯಾಮೆರಾದ್ದು ಕ್ಲೋಸ್ಡ್ ಸರ್ಕ್ಯೂಟ್. ದೂರದರ್ಶನದ ಥರ ಎಲ್ಲರಿಗೂ ಬಿತ್ತರಿಸುವುದಲ್ಲ, ಒಳಗಿನವರಷ್ಟೇ ನೋಡುವ ವ್ಯವಸ್ಥೆ. ಜನ ಸೇರುವ ಅಂಗಡಿ, ಮಾಲ್‌ಗಳಲ್ಲಿ ಇದು ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ 2017ರ ಕಾಯ್ದೆಯೇ ಇದೆ.

ರಿಮೋಟಿನದು ಕ್ಲೋಸ್ಡ್ ಕ್ಯಾಪ್ಷನ್. ಇಲ್ಲಿ ‘ಕ್ಲೋಸ್ಡ್’ ಅಂದರೆ ಬೇಕಾದಾಗ ತೋರಿಸಿ ಬೇಡವಾದಾಗ ಮುಚ್ಚಬಹುದಾದದ್ದು. ಅಮೆರಿಕದ ಟಿವಿಯಲ್ಲಿ 1980ರ ಮಾರ್ಚ್‌ನಲ್ಲಿ ಶುರುವಾಯಿತು. ಮಾಡಿದ್ದು ಕಿವಿ ಕೇಳಿಸದವರಿಗಾಗಿ, ಅದಕ್ಕೇ ಮಾತಿನ ಜೊತೆ ‘ಬಾಗಿಲು ಬಡಿದ ಸದ್ದು’, ‘ಗುಡುಗು’ ಅಂತಲೂ ಬರುತ್ತದೆ.

ವಿಕಿಪೀಡಿಯದ ಚಿತ್ರದ ಕೆಳಗೆ ಸಿಸಿ ಅಂತ ಇದೆ. ಅದನ್ನು ಆಹ್ವಾನ ಪತ್ರಿಕೆಗೆ ಹಾಕಿಕೊಳ್ಳಬಹುದಾ?

ಹಾಕಿಕೊಳ್ಳಬಹುದು, ಷರತ್ತು ಓದಿಕೊಂಡು. ಇದು ಕ್ರಿಯೇಟಿವ್ ಕಾಮನ್ಸ್. 2001ರಲ್ಲಿ ಶುರುವಾದ ಸಂಸ್ಥೆ, 2002ರ ಕೊನೆಗೆ ಮೊದಲ ಪರವಾನಗಿಗಳು ಬಂದವು. ‘ಬಿವೈ’ ಅಂದರೆ ಮಾಡಿದವರ ಹೆಸರು ಹಾಕಿ. ‘ಎಸ್ಎ’ ಅಂದರೆ ಬದಲಾಯಿಸಿದರೆ ನಿಮ್ಮದನ್ನೂ ಅದೇ ಷರತ್ತಿನಲ್ಲಿ ಹಂಚಿ. ‘ಎನ್‌ಸಿ’ ಅಂದರೆ ವ್ಯಾಪಾರಕ್ಕೆ ಬೇಡ. ‘ಎನ್‌ಡಿ’ ಅಂದರೆ ತಿದ್ದಿದ್ದನ್ನು ಹಂಚಬೇಡಿ. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಈ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದರಿಂದ ಕನ್ನಡ ವಿಕಿಪೀಡಿಯಕ್ಕೆ ಬಹಳ ಸರಕು ಸಿಕ್ಕಿತು. ಬಿಟ್ಟಿ ಅಂದರೆ ಹೆಸರು ಅಳಿಸಿ ತಮ್ಮದು ಹಾಕಿಕೊಳ್ಳುವುದು ಅಂತ ಕೆಲವರು ತಿಳಿದಿದ್ದಾರೆ. ಅಂಥವರು ನನ್ನ ಅಂಗಡಿಗೂ ಬರುತ್ತಾರೆ.

ವಾಟ್ಸ್ಯಾಪಿನಲ್ಲಿ ‘ಡಾಟ್ ಸಿಸಿ’ ಅಂತ ಮುಗಿಯುವ ಲಿಂಕ್ ಬಂದಿದೆ. ಸರ್ಕಾರದ್ದಾ?

ಅಲ್ಲ. ಡಾಟ್ ಸಿಸಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಿಗೆ ಕೊಟ್ಟ ಗುರುತು. ಅವು ಆಸ್ಟ್ರೇಲಿಯಾಕ್ಕೆ ಸೇರಿದ ಪುಟ್ಟ ದ್ವೀಪಗಳು. ಆ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು. ನಮ್ಮ ಸರ್ಕಾರದ್ದು ‘ಜಿಓವಿ ಡಾಟ್ ಇನ್’ ಅಂತ ಮುಗಿಯುತ್ತದೆ. ಡಾಟ್ ಸಿಸಿ ಲಿಂಕಿನಲ್ಲಿ ಆಧಾರ್ ನಂಬರ್ ಕೇಳಿದರೆ ಒತ್ತಬೇಡಿ.

ಅರ್ಜಿಯಲ್ಲಿ ಸುಮ್ನೆ ‘ಸಿಸಿ ಕೊಡಿ’ ಅಂತ ಬರೆದರೆ ನಡೆಯುತ್ತಾ?

ಗುಮಾಸ್ತರಿಗೆ ಅರ್ಥ ಆದರೆ ನಡೆಯುತ್ತದೆ, ಆಗದಿದ್ದರೆ ಇನ್ನೊಂದು ದಿನ ಬಸ್ ಚಾರ್ಜು. ‘ತೀರ್ಪಿನ ದೃಢೀಕೃತ ನಕಲು’, ‘ನಡತೆ ಪ್ರಮಾಣಪತ್ರ’, ‘ಕಾಮಗಾರಿ ಪ್ರಾರಂಭಿಕ ಪ್ರಮಾಣಪತ್ರ’ ಅಂತ ಪೂರ್ತಿ ಬರೆಸಿ. ಟೈಪಿಂಗಿಗೆ ನಾನು ಪುಟದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವುದು, ಅಕ್ಷರದ ಲೆಕ್ಕದಲ್ಲಲ್ಲ.